ಕಲ್ನಾರಿನ ಸೂರು

ಮಲ್ಕಾಜ್‌ಗಿರಿಯ ಹಳೆಯ ಬಡಾವಣೆಗಳಲ್ಲಿ, ಅಂದರೆ ಆನಂದಬಾಗ್, ಮಿರ್ಜಾಲಗುಡ, ಗೌತಮನಗರಗಳಂಥ ಕಡೆ, ಮನೆ ಕೊಳ್ಳಹೊರಟವರು ಕ್ರಯಪತ್ರದ ಕೊನೆಯ ಹಾಳೆಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ನಾಲ್ಕು ದಿಕ್ಕಿನ ಚೆಕ್ಕುಬಂದಿ, ಚದರ ಗಜಗಳ ಲೆಕ್ಕ, ಅದಾದ ಮೇಲೆ ಕಟ್ಟಡದ ಬಗ್ಗೆ ಒಂದೇ ಸಾಲು: ಇಷ್ಟು ಚದರ ಅಡಿ ಆರ್.ಸಿ.ಸಿ., ಇಷ್ಟು ಚದರ ಅಡಿ ಎ.ಸಿ. ಶೀಟು. ಎ.ಸಿ. ಎಂದರೆ ತಂಪು ಯಂತ್ರವಲ್ಲ, ಆಸ್ಬೆಸ್ಟಾಸ್ ಸಿಮೆಂಟ್. ಸೂರು ಯಾವುದರಿಂದ ಆಗಿದೆಯೆಂಬುದನ್ನು ಆ ಕಾಗದ ಹೇಳುವುದು ಬೆಲೆ ಕಟ್ಟುವುದಕ್ಕಾಗಿ. ಕಾಂಕ್ರೀಟಿಗೆ ಒಂದು ದರ, ಶೀಟಿಗೆ ಅದಕ್ಕಿಂತ ಕಡಿಮೆ ದರ. ಮುದ್ರಾಂಕ ಶುಲ್ಕ ಕಟ್ಟಿದ ಮೇಲೆ ಆ ಸಾಲಿನ ಕೆಲಸ ಮುಗಿಯಿತು. ಮನೆಯ ಒಳಗಿರುವವರ ಉಸಿರಿಗೂ ಅದಕ್ಕೂ ಏನಾದರೂ ಸಂಬಂಧವುಂಟೆ ಎಂದು ಮಾರುವವರೂ ಕೊಳ್ಳುವವರೂ ಬರೆಯುವವರೂ ಕೇಳುವ ಪದ್ಧತಿಯಿಲ್ಲ.

ಈ ವಸ್ತುವನ್ನು ನಮ್ಮ ಓಣಿಗಳಲ್ಲಿ ಯಾರೂ ಅದರ ಹೆಸರಿನಿಂದ ಕರೆಯುವುದಿಲ್ಲ. ತೆಲುಗಿನವರಿಗೆ ಅದು ರೇಕು. ಅದನ್ನು ಹೊದಿಸಿದ ಮನೆ 'ರೇಕುಲ ಇಲ್ಲು'. ಬೀದರ, ಕಲಬುರಗಿಗಳಿಂದ ಬಂದ ನಮ್ಮವರು ಪತ್ರಾಸ್ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆಯವರಿಗೆ ಅದು ಸಿಮೆಂಟ್ ಶೀಟು. ರೇಕು, ಪತ್ರಾಸ್ ಎಂಬ ಮಾತುಗಳು ಸತುವಿನ ತಗಡಿಗೂ ಸಲ್ಲುತ್ತವೆಯಾದ್ದರಿಂದ ಎರಡರ ನಡುವಿನ ಭೇದ ಮಾತಿನಲ್ಲೇ ಅಳಿಸಿಹೋಗಿದೆ. ಪಠ್ಯಪುಸ್ತಕದ ಕನ್ನಡದಲ್ಲಿ ಮಾತ್ರ ಒಂದು ಒಳ್ಳೆಯ ಪದ ಉಳಿದುಕೊಂಡಿದೆ: ಕಲ್ನಾರು. ತೆಲುಗಿನ ರಾತಿನಾರ ಎಂಬುದೂ ಅದೇ ಅರ್ಥದ್ದು. ಗ್ರೀಕರ 'ಆಸ್ಬೆಸ್ಟಾಸ್' ಎಂಬುದಕ್ಕೆ ನಂದಿಸಲಾಗದ್ದು ಎಂಬ ಅರ್ಥ. ಅವರ ಬೆರಗೆಲ್ಲ ಬೆಂಕಿಯ ಮೇಲೆ. ನಮ್ಮ ಎರಡು ಭಾಷೆಗಳು ಹಿಡಿದದ್ದು ಅದರ ರಚನೆಯನ್ನು. ಕಲ್ಲೇ, ಆದರೆ ನಾರು. ಅದರ ಉಪಯೋಗವೂ ಅಪಾಯವೂ ಈ ಎರಡು ಅಕ್ಷರಗಳ 'ನಾರು' ಎಂಬಲ್ಲಿಯೇ ಇವೆ.

ಸಾಮಾನ್ಯ ಕಲ್ಲನ್ನು ಕುಟ್ಟಿದರೆ ಹರಳುಹರಳಾಗಿ ಪುಡಿಯಾಗುತ್ತದೆ. ಕಲ್ನಾರು ಉದ್ದುದ್ದಕ್ಕೆ ಸೀಳಿಕೊಳ್ಳುತ್ತದೆ. ಸೀಳಿದ ಎಳೆ ಮತ್ತೆ ಸೀಳುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಾಗಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಅದಕ್ಕೆ ವಾಸನೆಯಿಲ್ಲ, ಅದು ಕೆಮ್ಮು ತರಿಸದು, ಕಣ್ಣು ಉರಿಸದು. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಗಳನ್ನು ದೇಹ ಪೂರ್ತಿಯಾಗಿ ಹೊರಹಾಕಲಾರದು. ನೀಲಿ, ಕಂದು, ಬಿಳಿ ಎಂದು ಮೂರು ಬಗೆಗಳು ವ್ಯಾಪಾರಕ್ಕೆ ಬಂದವು. ನಮ್ಮ ಸೂರಿನಲ್ಲಿ ಇರುವುದು ಬಹುಪಾಲು ಬಿಳಿಯದು, ಕ್ರಿಸೊಟೈಲ್. ನೀಲಿಗಿಂತ ಇದರ ಕಾಟ ಕಡಿಮೆಯೆಂಬ ವಾದ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ಬಗೆಗಳನ್ನೂ ಕ್ಯಾನ್ಸರ್‌ಕಾರಕವೆಂದೇ ಎಣಿಸುತ್ತದೆ.

ಈ ನಾರನ್ನು ಸಿಮೆಂಟಿನೊಡನೆ ಕಲಸಿ, ಕಾಗದ ಮಾಡುವ ಯಂತ್ರದಂಥ ಯಂತ್ರದಲ್ಲಿ ಪದರಪದರವಾಗಿ ಹಾಳೆ ಎಳೆಯುವ ವಿದ್ಯೆಯನ್ನು ಕಂಡುಹಿಡಿದವನು ಆಸ್ಟ್ರಿಯದ ಲುಡ್ವಿಗ್ ಹಾಟ್ಷೆಕ್. 1901ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಶಾಶ್ವತವೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ 'ಎಟರ್ನಿಟ್' ಎಂದು ಹೆಸರಿಟ್ಟ. ಹಾಳೆಯಲ್ಲಿ ನಾರು ಇರುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಸಿಮೆಂಟು, ಈಚೆಗೆ ಹಾರುಬೂದಿ. ಆ ಒಂದು ಪಾಲು ಇಲ್ಲದಿದ್ದರೆ ಆರು ಮಿಲಿಮೀಟರ್ ದಪ್ಪದ ಸಿಮೆಂಟಿನ ಹಾಳೆ ಹಪ್ಪಳದಂತೆ ಮುರಿಯುತ್ತಿತ್ತು.

ಹೈದರಾಬಾದಿಗೆ ಈ ವಿದ್ಯೆ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಅದಕ್ಕೆ ಮೊದಲು ಈ ಸಂಸ್ಥಾನದಲ್ಲಿ ಸೂರು ಎಂಬುದು ಊರೂರಿನ ಮಣ್ಣುಕಲ್ಲುಗಳ ವಿಷಯವಾಗಿತ್ತು. ತೆಲಂಗಾಣದಲ್ಲಿ ನಾಡಹೆಂಚು, ತಾಳೆಗರಿ. ಕಲಬುರಗಿ, ರಾಯಚೂರುಗಳಲ್ಲಿ ಮಣ್ಣಿನ ಮಾಳಿಗೆ. ಕಲ್ಲು ಹೇರಳವಾಗಿರುವ ಶಹಾಬಾದ್ ಸುತ್ತ ಮನೆಯ ಮೇಲೂ ಫರಸಿ, ಕೆಳಗೂ ಫರಸಿ. ಆ ಶಹಾಬಾದಿನಲ್ಲಿಯೇ ನಿಜಾಮ ಸಂಸ್ಥಾನದ ಮೊದಲ ದೊಡ್ಡ ಸಿಮೆಂಟ್ ಕಾರ್ಖಾನೆ 1920ರ ದಶಕದಲ್ಲಿ ತಲೆಯೆತ್ತಿತು. ಸುಣ್ಣಕಲ್ಲು ಕನ್ನಡ ಜಿಲ್ಲೆಯದು, ಪೇಟೆ ರಾಜಧಾನಿಯದು. ಇಂದಿಗೂ ಮಲ್ಕಾಜ್‌ಗಿರಿಯ ಹಳೆಯ ಮನೆಗಳ ನೆಲಕ್ಕೆ ಹಾಸಿರುವುದು 'ಶಾಬಾದ್ ಬಂಡ'; ಅದು ಎಲ್ಲಿಯ ಕಲ್ಲು ಎಂದು ಹೇಳಿದರೆ ನೆರೆಯವರಿಗೆ ಸೋಜಿಗ. ಕರಾವಳಿಯ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಅಷ್ಟು ಹೊತ್ತಿಗೆ ದೇಶವಿಡೀ ಹೆಸರಾಗಿತ್ತು. ಆದರೆ ಹೆಂಚಿಗೆ ಮರದ ಜಂತಿ, ರೀಪು, ಪ್ರತಿ ಮಳೆಗಾಲಕ್ಕೂ ಕೈಯಾಡಿಸುವ ಆಳು ಬೇಕು. ಶೀಟಿಗೆ ನಾಲ್ಕು ಕಬ್ಬಿಣದ ಕೊಳವೆ, ಒಂದು ಹಿಡಿ ಜೆ ಬೋಲ್ಟು ಸಾಕು.

ಸನತ್‌ನಗರದ ಕೈಗಾರಿಕಾ ವಲಯದಲ್ಲಿ, ಆಲ್ವಿನ್ ಲೋಹ ಕಾರ್ಖಾನೆಯ ನೆರೆಯಲ್ಲಿ, ಬಿರ್ಲಾ ಮನೆತನದ ಹೈದರಾಬಾದ್ ಆಸ್ಬೆಸ್ಟಾಸ್ ಸಿಮೆಂಟ್ ಪ್ರಾಡಕ್ಟ್ಸ್ ಬೆಳೆಯಿತು. ಸಂಸ್ಥೆ ತನ್ನ ಹುಟ್ಟನ್ನು 1946ಕ್ಕೆ ಎಣಿಸುತ್ತದೆ. ಹಾಳೆಯ ಮೇಲಿನ ಮುದ್ರೆ ಚಾರ್ಮಿನಾರ್. ಕುತುಬ್‌ಶಾಹಿ ಅರಸರು ಕಲ್ಲುಗಾರೆಗಳಲ್ಲಿ ಕಟ್ಟಿಸಿದ ಕಟ್ಟಡದ ಹೆಸರು ಬಡವರ ಸೂರಿನ ಮೇಲೆ ಅಚ್ಚಾಗಿ ಬಿಹಾರದಿಂದ ಕೇರಳದವರೆಗೆ ಹೋಯಿತು. ಅದೊಂದು ಸಣ್ಣ ಸಂಗತಿಯಲ್ಲ. ಸೋರದ, ಹುಳು ಹಿಡಿಯದ, ಕಿಡಿಗೆ ಉರಿಯದ ಸೂರನ್ನು ಕೆಳಗಿನ ಗುಮಾಸ್ತರೂ ರೈಲ್ವೆ ಕಾರ್ಮಿಕರೂ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಕಂಡರು. ಲಾಲಾಗುಡದ ರೈಲ್ವೆ ಕಾರ್ಯಾಗಾರ, ಮೌಲಾಲಿ, ಸಿಕಂದರಾಬಾದಿನ ದಂಡು, ಇವುಗಳಲ್ಲಿ ದುಡಿದವರು ಮಲ್ಕಾಜ್‌ಗಿರಿಯಲ್ಲಿ ನೂರು, ನೂರೈವತ್ತು ಗಜದ ನಿವೇಶನ ಕೊಂಡರು. ಮುಂದಿನ ಎರಡು ಕೋಣೆಗೆ ಹಣ ಕೂಡಿದಾಗ ಕಾಂಕ್ರೀಟು. ಹಿಂದಿನ ಅಡುಗೆಮನೆಗೆ, ಬಚ್ಚಲಿಗೆ, ಬಾಡಿಗೆಗೆ ಕೊಡುವ ಕೋಣೆಗೆ ಶೀಟು. ಆ ಕಾಲದ ಮಧ್ಯಮವರ್ಗದ ಮನೆಗಳ ನಕ್ಷೆಯೇ ಇದು. ಶೀಟನ್ನು ಇಂದು ಬಯ್ಯುವವರು ಅದು ಕೊಟ್ಟದ್ದನ್ನು ಮರೆಯಬಾರದೆಂಬುದು ನಮ್ಮ ನಿಲುವು. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ಕುಳಿತವರು ಅದನ್ನು ಹೊಗಳಲಾರರು, ಅದು ಬೇರೆ ಮಾತು.

ಕಾಲಗಣನೆಯನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕಾರ್ಖಾನೆಯಲ್ಲಿ ಕಲ್ನಾರನ್ನು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು 1924ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮುಂದೆ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರು ನಿಂತಿತು. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಸರ್ಕಾರಕ್ಕೆ ವರದಿ ಕೊಟ್ಟರು: ಪರೀಕ್ಷಿಸಿದ 363 ಕಾರ್ಮಿಕರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶ ಗಡುಸಾಗಿತ್ತು. 1931ರಲ್ಲಿ ಬ್ರಿಟನ್ ನಿಯಮಗಳನ್ನು ಮಾಡಿತು. ಅಂದರೆ ಸನತ್‌ನಗರದ ಕಾರ್ಖಾನೆಗೆ ಅಡಿಗಲ್ಲು ಬೀಳುವ ಹದಿನೈದು ವರ್ಷ ಮೊದಲೇ ನಮ್ಮನ್ನಾಳುತ್ತಿದ್ದ ದೇಶದಲ್ಲಿ ಈ ಧೂಳು ಕಾನೂನಿನ ಪುಸ್ತಕಕ್ಕೆ ಏರಿತ್ತು. ಆ ನಿಯಮಗಳು ಕಾಯ್ದದ್ದು ಕಾರ್ಖಾನೆಯೊಳಗಿನ ಕಾರ್ಮಿಕರಲ್ಲಿಯೂ ಕೆಲವರನ್ನು ಮಾತ್ರ. ಗೇಟಿನ ಹೊರಗಿನವರ ಪ್ರಶ್ನೆ ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಆ ಪ್ರಶ್ನೆ ಎದ್ದದ್ದು 1960ರಲ್ಲಿ. ದಕ್ಷಿಣ ಆಫ್ರಿಕದ ನೀಲಿ ಕಲ್ನಾರಿನ ಗಣಿ ಪ್ರದೇಶದಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು ಎದೆಗೂಡಿನ ಒಳಪೊರೆಯ ಅಪರೂಪದ ಕ್ಯಾನ್ಸರಿನ, ಮೀಸೋಥೀಲಿಯೋಮಾದ, 33 ರೋಗಿಗಳನ್ನು ಕುರಿತು ಬರೆದರು. ಅವರಲ್ಲಿ ಹಲವರು ಗಣಿಯೊಳಗೆ ಕಾಲಿಟ್ಟವರೇ ಅಲ್ಲ. ಆ ಊರುಗಳಲ್ಲಿ ಹುಟ್ಟಿ ಬೆಳೆದವರು, ಬಾಲ್ಯದಲ್ಲಿ ಗಣಿಯ ತ್ಯಾಜ್ಯದ ಗುಡ್ಡೆಗಳ ಬಳಿ ಆಡಿದವರು. 1965ರಲ್ಲಿ ಲಂಡನ್ನಿನ ಅಧ್ಯಯನವೊಂದರಲ್ಲಿ ಕಾರ್ಮಿಕರ ಬಟ್ಟೆ ಒಗೆದ ಮನೆಯ ಹೆಂಗಸರೂ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರೂ ರೋಗಿಗಳ ಪಟ್ಟಿಯಲ್ಲಿ ಕಂಡರು. ಇಟಲಿಯ ಕಸಾಲೆ ಮೊನ್‌ಫೆರ‍್ರಾಟೊ ಎಂಬ ಪಟ್ಟಣದ ಕಥೆ ಇನ್ನೂ ಕಠೋರವಾದುದು. 1907ರಿಂದ 1986ರವರೆಗೆ ಅಲ್ಲಿ ಎಟರ್ನಿಟ್ ಕಾರ್ಖಾನೆ ನಡೆಯಿತು. ಕೊಳವೆಗಳನ್ನು ಕೊರೆದು ಉಳಿದ ಪುಡಿಯನ್ನು ಊರಿನವರು ಮನೆಗೆ ಒಯ್ದು ಅಂಗಳಕ್ಕೆ ಹಾಸಿದರು, ಅಟ್ಟದ ಮೇಲೆ ಚಳಿ ತಡೆಯಲು ಸುರಿದರು. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಅಂಗಡಿಯವರು, ಶಿಕ್ಷಕರು, ಗೃಹಿಣಿಯರು ಅಲ್ಲಿ ಸಾಯುತ್ತಲೇ ಇದ್ದರು. ಟೂರಿನ್ ನ್ಯಾಯಾಲಯ 2012ರಲ್ಲಿ ಕಂಪನಿಯ ಹಳೆಯ ಒಡೆಯರನ್ನು ಶಿಕ್ಷಿಸಿತು. 2014ರಲ್ಲಿ ಮೇಲಿನ ನ್ಯಾಯಾಲಯ ಕಾಲಮಿತಿ ಮೀರಿತೆಂದು ಅದನ್ನು ತಳ್ಳಿಹಾಕಿತು. ಉಸಿರಿಗೂ ರೋಗಕ್ಕೂ ನಡುವೆ ಇಪ್ಪತ್ತರಿಂದ ಐವತ್ತು ವರ್ಷ ಕಳೆಯುವ ವಿಷಯದಲ್ಲಿ ಕಾಲಮಿತಿಯ ಕಾನೂನು ಯಾರ ಪರವಾಗಿ ನಿಲ್ಲುತ್ತದೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮಲ್ಲಿ ಕಲ್ನಾರಿನ ಗಣಿಗಳೂ ಇದ್ದವು. ಕಡಪ ಜಿಲ್ಲೆಯ ಪುಲಿವೆಂದುಲದ ಸುತ್ತ, ರಾಜಸ್ಥಾನದಲ್ಲಿ, ಕರ್ನಾಟಕದಲ್ಲಿ ಹೊಳೆನರಸೀಪುರದ ಕಡೆ ಅದರ ಎಳೆಗಳು ಬಂಡೆಗಳಲ್ಲಿ ಸಿಗುತ್ತವೆ. ಇಂದಿನ ಜಾರ್ಖಂಡದ ಚಾಯಿಬಾಸಾ ಬಳಿಯ ರೋರೋ ಬೆಟ್ಟಗಳಲ್ಲಿ ಹೈದರಾಬಾದಿನ ಕಂಪನಿಯೇ ಗಣಿ ನಡೆಸಿ 1983ರಲ್ಲಿ ಮುಚ್ಚಿತು; ಬಿಟ್ಟುಹೋದ ಪುಡಿಯ ರಾಶಿ ಬೆಟ್ಟದ ಇಳಿಜಾರಿನಲ್ಲಿ ಉಳಿಯಿತು. 1986ರಲ್ಲಿ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆಗಳನ್ನು ಕೊಡುವುದನ್ನು ನಿಲ್ಲಿಸಿತು. ನೆಲದಿಂದ ಅಗೆಯುವುದು ಬೇಡ, ಹಡಗಿನಲ್ಲಿ ತರಿಸಿ ಬಳಸುವುದು ಆದೀತು, ಎಂಬ ವಿಚಿತ್ರ ನೆಲೆಯಲ್ಲಿ ನಾವು ಅಂದಿನಿಂದ ನಿಂತಿದ್ದೇವೆ. ಮೊದಲು ಕೆನಡಾದಿಂದಲೂ ಬರುತ್ತಿದ್ದ ನಾರು ಈಗ ಮುಖ್ಯವಾಗಿ ರಷ್ಯ, ಕಜಾಕಿಸ್ತಾನಗಳಿಂದ ಬರುತ್ತದೆ.

ಅದೇ 1986ರಲ್ಲಿ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಒಂಬತ್ತು ವರ್ಷದ ಮೇಲೆ, ಜನವರಿ 27, 1995ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಕೆ. ರಾಮಸ್ವಾಮಿ. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಅಂಗವೆಂದು ಅದು ಸಾರಿತು. ಆ ಘೋಷಣೆಯಷ್ಟೇ ಮುಖ್ಯವಾದ ಆದೇಶವೊಂದು ಅದರಲ್ಲಿದೆ: ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡತಕ್ಕದ್ದು. ರೋಗದ ಸಾವಧಾನವನ್ನು ಅರಿತು ಬರೆದ ಮಾತು ಅದು. ರೋಗ ಖಚಿತವಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. 2011ರಲ್ಲಿ, ಸಂಪೂರ್ಣ ನಿಷೇಧವನ್ನೇ ಕೋರಿದ ಇನ್ನೊಂದು ಅರ್ಜಿಯನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ನಿಷೇಧ ಶಾಸನಸಭೆಯ ಕೆಲಸ ಎಂದಿತು, 1995ರ ಆದೇಶಗಳನ್ನು ಪಾಲಿಸಿ ಎಂದಿತು. ಅಷ್ಟರಲ್ಲಿ ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ ಬಿಳಿಯದನ್ನೂ ನಿಷೇಧಿಸಿದ್ದವು. ಅಗೆದು ಮಾರುತ್ತಿದ್ದ ಕೆನಡಾ ಕೂಡ 2018ರಲ್ಲಿ ನಿಷೇಧಿಸಿತು. ಅಲ್ಲಿ ಆಸ್ಬೆಸ್ಟಾಸ್ ಎಂಬ ಹೆಸರಿನ ಊರೇ ಒಂದಿತ್ತು; 2020ರಲ್ಲಿ ಊರಿನವರು ಮತ ಹಾಕಿ ಹೆಸರು ಬದಲಾಯಿಸಿಕೊಂಡರು.

ಹೆಸರು ಬದಲಾಯಿಸುವ ಉಪಾಯ ನಮ್ಮಲ್ಲೂ ನಡೆದಿದೆ. ಸನತ್‌ನಗರದ ಕಂಪನಿ ಮೊದಲು ಹೈದರಾಬಾದ್ ಇಂಡಸ್ಟ್ರೀಸ್ ಆಯಿತು, ಆಮೇಲೆ ಎಚ್‌ಐಎಲ್, ಈಗ ಬಿರ್ಲಾನು. ಮೊದಲು ಹೋದದ್ದು ಆಸ್ಬೆಸ್ಟಾಸ್, ಆಮೇಲೆ ಹೋದದ್ದು ಹೈದರಾಬಾದ್. ನ್ಯಾಯವಾಗಿ ಹೇಳಬೇಕಾದರೆ ಕಲ್ನಾರಿಲ್ಲದ ಹಾಳೆಗಳನ್ನೂ ಅದು ತಯಾರಿಸತೊಡಗಿದೆ. ಪೇಟೆಯಲ್ಲಿ ಮಾತ್ರ ಎಲ್ಲವೂ 'ಫೈಬರ್ ಸಿಮೆಂಟ್ ಶೀಟು'. ಯಾವ ಫೈಬರು ಎಂದು ಕೇಳದೆ ಕೊಂಡವನಿಗೆ ಅದು ತಿಳಿಯದು. ಕಣ್ಣಿಂದ ನೋಡಿ ಹೇಳಲೂ ಆಗದು, ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಬೇಕು. ಹಳೆಯ ಬೂದು ಬಣ್ಣದ ಶೀಟು ಕಂಡರೆ ಅದು ಕಲ್ನಾರಿನದೇ ಎಂದು ತಿಳಿದು ನಡೆಯುವುದು ವಿವೇಕ. ಗೋಡೆಗೆ ಆತುಕೊಂಡ ಹಳೆಯ ಮಳೆನೀರಿನ ಬೂದು ಕೊಳವೆಗೂ ಇದೇ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಚರಿತ್ರೆಯಲ್ಲಿ ಮನೆಯವನು ಎಲ್ಲಿದ್ದಾನೆ? ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮಗೆ ಕೋಷ್ಟಕಗಳ ಮೇಲೆ ಸ್ವಲ್ಪ ವ್ಯಾಮೋಹವುಂಟು. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಸೂರಿನ ವಿಧಗಳ ಕೋಷ್ಟಕವೊಂದಿದೆ. ಕೈಹೆಂಚಿಗೆ ಒಂದು ಅಂಕಣ, ಯಂತ್ರದ ಹೆಂಚಿಗೆ ಇನ್ನೊಂದು, ಕಲ್ಲಿಗೆ ಮತ್ತೊಂದು. ಆದರೆ ಸತುವಿನ ತಗಡು, ಇತರ ಲೋಹ, ಆಸ್ಬೆಸ್ಟಾಸ್, ಈ ಮೂರಕ್ಕೂ ಸೇರಿ ಒಂದೇ ಅಂಕಣ. ದೇಶದ ಸುಮಾರು ಶೇಕಡ 16ರಷ್ಟು ಮನೆಗಳು ಅದರಲ್ಲಿ ಬೀಳುತ್ತವೆ. ಎಷ್ಟು ಕುಟುಂಬಗಳು ಕಲ್ನಾರಿನ ಕೆಳಗೆ ಮಲಗುತ್ತವೆ ಎಂಬುದನ್ನು ಆ ಕೋಷ್ಟಕದಿಂದ ಬೇರ್ಪಡಿಸಿ ತೆಗೆಯಲಾಗದು. ರೇಕು ಎಂಬ ಓಣಿಯ ಮಾತಿನ ಅಸ್ಪಷ್ಟತೆಯೇ ರಾಷ್ಟ್ರದ ಲೆಕ್ಕದಲ್ಲಿಯೂ ನೆಲೆಸಿದೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳ ಮೊದಲ ಅನುಸೂಚಿಯಲ್ಲಿ ಆಸ್ಬೆಸ್ಟಾಸಿನ ಹೆಸರಿದೆ, ಆದರೆ ಅದು ತಯಾರಿಕೆಯ ಶೀರ್ಷಿಕೆಯಡಿ. ಕಾರ್ಖಾನೆಯಲ್ಲಿ ಬಿದ್ದ ಚೂರು ಅಪಾಯಕಾರಿ ತ್ಯಾಜ್ಯ. ಮಿರ್ಜಾಲಗುಡದ ಮನೆಯೊಂದು ಬಿದ್ದಾಗ ಉದುರಿದ ಚೂರು ಬರಿಯ ಕಟ್ಟಡದ ಮಣ್ಣು. ವಸ್ತು ಒಂದೇ.

ಹಾಗೆಂದು ಶೀಟಿನ ಕೆಳಗೆ ವಾಸಿಸುವವರು ಈ ರಾತ್ರಿಯೇ ಹೊರಗೆ ಮಲಗಬೇಕಾಗಿಲ್ಲ. ಗಟ್ಟಿಯಾಗಿರುವ ಹಾಳೆಯಲ್ಲಿ ಸಿಮೆಂಟು ನಾರನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದರಿಂದ ಗಾಳಿಗೆ ಸೇರುವ ಎಳೆಗಳು ಅತ್ಯಲ್ಪ. ಉದ್ಯಮದವರು ಹೇಳುವ ಈ ಮಾತು ನಿಜ. ಅವರು ಹೇಳದೆ ಬಿಡುವುದು ಮುಂದಿನ ಭಾಗ. ಶೀಟು ಮುಪ್ಪಾಗುತ್ತದೆ. ಮಳೆ ಸಿಮೆಂಟನ್ನು ತೊಳೆಯುತ್ತದೆ, ಪಾಚಿ ಕಟ್ಟುತ್ತದೆ, ಮೇಲ್ಮೈ ಒರಟಾಗಿ ನಾರು ಹೊರಚಾಚುತ್ತದೆ. ಆ ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು, ಡಿಶ್ ಆಂಟೆನಾದ ತಂತಿಗಾಗಿ ತೂತು ಕೊರೆಯುವುದು, ಗರಗಸ ಹಾಕಿ ಅಳತೆಗೆ ಕೊಯ್ಯುವುದು, ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸುವುದು, ಇವು ಮನೆಯವರೇ ತಮ್ಮ ಕೈಯಾರೆ ಮಾಡಿಕೊಳ್ಳುವ ಕೇಡು. ಶೀಟು ಗಟ್ಟಿಯಿದ್ದರೆ ಮುಟ್ಟದಿರಬೇಕು. ಬಣ್ಣ ಬಳಿದು ಮುಚ್ಚಬಹುದು. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಚಿಮುಕಿಸಿ, ಒಡೆಯದೆ, ಬೋಲ್ಟುಗಳನ್ನು ಕತ್ತರಿಸಿ ಇಡೀ ಹಾಳೆಯಾಗಿ ಇಳಿಸಬೇಕು. ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಮೂಗಿಗೆ ಕಟ್ಟಿದ ಟವೆಲು ಈ ಎಳೆಗಳನ್ನು ತಡೆಯದು. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶಕ್ಕೆ ಈ ಧೂಳು ಸೇರಿದರೆ ಕ್ಯಾನ್ಸರಿನ ಸಂಭವ ಹಲವು ಪಟ್ಟು ಏರುತ್ತದೆಂಬುದು 1960ರ ದಶಕದಿಂದ ತಿಳಿದ ವಿಷಯ.

ಮಲ್ಕಾಜ್‌ಗಿರಿಯಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧವಾದುದು. 2007ರಲ್ಲಿ ಪುರಸಭೆ ಮಹಾನಗರದಲ್ಲಿ ವಿಲೀನವಾದ ಮೇಲೆ ನೂರೈವತ್ತು ಗಜದ ನಿವೇಶನಗಳಿಗೂ ಬಿಲ್ಡರುಗಳು ಬರತೊಡಗಿದರು. ಹಳೆಯ ಯಜಮಾನರು ಮನೆಯನ್ನು 'ಡೆವಲಪ್‌ಮೆಂಟಿಗೆ' ಕೊಡುತ್ತಾರೆ. ಬದಲಿಗೆ ಎರಡೋ ಮೂರೋ ಫ್ಲ್ಯಾಟು. ಒಡೆಯುವ ಕೆಲಸ ಇನ್ನೊಬ್ಬ ಗುತ್ತಿಗೆದಾರನದು. ಅವನಿಗೆ ಬಾಗಿಲು, ಕಿಟಕಿ, ಕಬ್ಬಿಣ, ಶಾಬಾದ್ ಬಂಡ ಬೇಕು. ಅವನ್ನು ಮೊದಲು ಜೋಪಾನವಾಗಿ ತೆಗೆಸುತ್ತಾನೆ. ತುಕ್ಕು ಹಿಡಿದ ಜೆ ಬೋಲ್ಟನ್ನು ಬಿಚ್ಚುವಷ್ಟು ವ್ಯವಧಾನ ಯಾರಿಗೂ ಇಲ್ಲವಾದ್ದರಿಂದ ಶೀಟಿನ ಮೂಲೆಗೆ ಸುತ್ತಿಗೆ ಬೀಳುತ್ತದೆ. ನಮ್ಮ ಓಣಿಯಲ್ಲೇ ಇಂಥ ಮೂರು ನಾಲ್ಕು ಮನೆಗಳು ಬಿದ್ದದ್ದನ್ನು ಕಂಡಿದ್ದೇವೆ. ಮೇಲೆ ಗಂಡಸು ಒಡೆಯುತ್ತಾನೆ, ಕೆಳಗೆ ಹೆಂಗಸು ತಟ್ಟೆಯಲ್ಲಿ ತುಂಬುತ್ತಾಳೆ, ಪಕ್ಕದ ಮರಳಿನ ಗುಡ್ಡೆಯ ಮೇಲೆ ಮಗು. ಎದುರುಮನೆಯವರು ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಳ್ಳುತ್ತಾರೆ, ಧೂಳೆಂದು. ಆ ಕೂಲಿಯವರು ಮಹಬೂಬ್‌ನಗರದವರಿರಬಹುದು, ಒಡಿಶಾದವರಿರಬಹುದು, ಯಾದಗಿರಿಯವರೂ ಇರಬಹುದು. 40 ವರ್ಷದ ಆರೋಗ್ಯ ದಾಖಲೆ ಇಡಬೇಕೆಂದ ತೀರ್ಪು ಇವರನ್ನು ಮುಟ್ಟುವುದಿಲ್ಲ, ಯಾಕೆಂದರೆ ಮರುವಾರ ಅವರು ಎಲ್ಲಿರುತ್ತಾರೆಂಬ ದಾಖಲೆಯೇ ಇಲ್ಲ.

ಕ್ಯಾನ್‌ಬೆರಾದಲ್ಲಿ ಸಡಿಲ ಕಲ್ನಾರನ್ನು ಅಟ್ಟಕ್ಕೆ ತುಂಬಿದ್ದ ಸಾವಿರಕ್ಕೂ ಹೆಚ್ಚು ಮನೆಗಳನ್ನು ಅಲ್ಲಿಯ ಸರ್ಕಾರ 2014ರಿಂದ ಮುಂದೆ ತಾನೇ ಕೊಂಡು ಕೆಡವಿಸಿತು. ಆಸ್ಟ್ರೇಲಿಯದಲ್ಲಿ ನೆಲೆಸಿರುವ ನಮ್ಮ ಓದುಗರಲ್ಲಿ ಹಳೆಯ ಮನೆ ಕೊಂಡವರು ಕಲ್ನಾರಿನ ತಪಾಸಣೆಯ ವರದಿಯನ್ನು ಬಲ್ಲರು. ಅಷ್ಟು ಹಣ, ಅಷ್ಟು ಆಡಳಿತ ನಮ್ಮಲ್ಲಿ ಸದ್ಯಕ್ಕಿಲ್ಲ. ಆದರೆ ಬಿಲ್ಡರಿನೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಲಿಫ್ಟಿನ ಕಂಪನಿ, ಟೈಲ್ಸಿನ ಬೆಲೆ, ನಲ್ಲಿಯ ಬ್ರ್ಯಾಂಡುಗಳನ್ನು ಪುಟಗಟ್ಟಲೆ ಬರೆಸುವ ಯಜಮಾನರು, ಒಡೆಯುವ ಮೊದಲು ಶೀಟುಗಳನ್ನು ನೀರು ಹಾಕಿ ಇಡಿಯಾಗಿ ಇಳಿಸತಕ್ಕದ್ದು, ಚೂರನ್ನು ಪುನಾದಿಗೆ ತುಂಬಕೂಡದು ಎಂಬ ಎರಡು ಸಾಲು ಸೇರಿಸಬಹುದು. ಹೈದರಾಬಾದಿನ ಕನ್ನಡಿಗರಲ್ಲಿ ಇಂಥ ಕರಾರಿಗೆ ರುಜು ಹಾಕುವ ವಯಸ್ಸಿನವರು ಈಗ ಬಹಳ ಮಂದಿ ಇದ್ದಾರೆ. ನಿವೃತ್ತರು, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರು. ಖರ್ಚು ಎರಡು ದಿನದ ಹೆಚ್ಚಿನ ಕೂಲಿ.

ಇಡಿಯಾಗಿ ಇಳಿದ ಹಳೆಯ ಶೀಟಿಗೆ ಪೇಟೆಯಲ್ಲಿ ಬೆಲೆಯೂ ಇದೆ. ಗುತ್ತಿಗೆದಾರ ಅವನ್ನು ಟ್ರಾಲಿ ಆಟೋದಲ್ಲಿ ಹೇರಿ ಮಾರುತ್ತಾನೆ. ಕೊಳ್ಳುವವನು ಬಹುಮಟ್ಟಿಗೆ ಇನ್ನೊಬ್ಬ ಬಿಲ್ಡರು. ಹೊಸ ಅಪಾರ್ಟ್‌ಮೆಂಟ್ ಏಳುವವರೆಗೆ ಕೂಲಿಯವರ ಸಂಸಾರಗಳು ವಾಸಿಸುವ ಷೆಡ್ಡುಗಳ ಮೇಲೆ, ಐವತ್ತು ವರ್ಷ ಹಳೆಯ ಚಾರ್ಮಿನಾರ್ ಮುದ್ರೆಯ ಆ ಹಾಳೆಗಳು ಕಲ್ಲು ಹೇರಿಸಿಕೊಂಡು ಮತ್ತೆ ಸೂರಾಗುತ್ತವೆ.